ನಾಲ್ಕು ಸಾಲಿನ ಪರಿಚಯ

"ಈಗ ನಮ್ಮ ಅತಿಥಿಯ ಪರಿಚಯ," ಎಂದು ನಿರೂಪಕ ಮೊಬೈಲ್ ನೋಡಿಕೊಂಡು ಓದತೊಡಗಿದ. "ಆರು ವರ್ಷ ಪತ್ರಿಕೆಯೊಂದರಲ್ಲಿ ಜ್ಯೋತಿಷಿಯ ಸುಳ್ಳು ಹೆಸರಿಟ್ಟುಕೊಂಡು ದಿನಭವಿಷ್ಯ ಹೊಸೆದವರು. ಯಾವ ಫೋನ್ ಯಾವಾಗ ಕೈಕೊಡುತ್ತದೆಂದು ಡಬ್ಬ ತೆರೆಯದೆಯೇ ಹೇಳಬಲ್ಲರು..."

ಅಷ್ಟರಲ್ಲಿ ಅವನ ದನಿ ತಗ್ಗಿತು. ಸಭೆ ಮಾತ್ರ ಗೊಳ್ಳೆಂದು ನಕ್ಕಿತು.

ಹಿಂದಿನ ಸಾಲಿನಲ್ಲಿದ್ದ ಟ್ಯಾಗಣ್ಣ ಕುರ್ಚಿಯಲ್ಲಿ ತಗ್ಗಿ ಕೂತ. ಆ ಸಾಲುಗಳನ್ನು ಬರೆದವನು ಅವನೇ. ಫೋನು, ಲ್ಯಾಪ್‌ಟಾಪುಗಳನ್ನು ಪರೀಕ್ಷಿಸಿ ಬರೆಯುವ ಸುದ್ದಿತಾಣವೊಂದಕ್ಕೆ ಅವನು ವೆಬ್ ಡೆವಲಪರ್; ದಿನವಿಡೀ ಕೋಡಿನ ಟ್ಯಾಗು ಬರೆಯುವವನೆಂದು ಬಿದ್ದ ಹೆಸರು ಟ್ಯಾಗಣ್ಣ. ಈಗ ವೇದಿಕೆಯ ಮೇಲೆ ಕೂತಿದ್ದ ಅತಿಥಿ ಅಲ್ಲಿನ ಹಿರಿಯ ವರದಿಗಾರ್ತಿ, ಅವನ ಬಾಯಲ್ಲಿ ಅಕ್ಕ. ತಾಣದಲ್ಲಿ 'ನಮ್ಮ ಬಳಗ' ಎಂಬ ಪುಟ ಮಾಡುವಾಗ ಎಲ್ಲರೂ ತಂತಮ್ಮ ಪೂರ್ವಾಪರ ಬರೆದುಕೊಟ್ಟಿದ್ದರು. ಅಕ್ಕ ಮಾತ್ರ, "ನಂದೇನಿದ್ಯೋ ಮಹಾ, ನಾಳೆ ಕೊಡ್ತೀನಿ," ಎಂದು ಮುಂದೂಡುತ್ತಲೇ ಇದ್ದಳು. ಖಾಲಿ ಚೌಕದಲ್ಲಿ ನಾಲ್ಕು ಸಾಲು ಹೇಗೆ ಕೂರುತ್ತವೆಂದು ನೋಡಲು ಏನಾದರೂ ತುಂಬಿಸಬೇಕಿತ್ತು. ಅಆಇಈ ಬರೆದಿದ್ದರೂ ನಡೆಯುತ್ತಿತ್ತು. ಆದರೆ ಹಾಳು ಕೈ ಸುಮ್ಮನಿರಬೇಕಲ್ಲ! ಮರುದಿನ ಗಡಿಬಿಡಿಯಲ್ಲಿ ಇಡೀ ಪುಟವನ್ನು ಎಲ್ಲರಿಗೂ ಕಾಣುವಂತೆ ಲೈವ್ ಮಾಡಿದವನಿಗೆ ಅದರ ನೆನಪೇ ಇರಲಿಲ್ಲ. ನಿರೂಪಕ ಈಗ ಓದಿದ್ದು ಅದನ್ನೇ.

ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಅವನ ಕಂಪನಿಯ ಫೋನ್ ಕೆಂಡದಂತೆ ಕಾಯುತ್ತದೆಂದು ಅಕ್ಕ ಹೋದ ತಿಂಗಳಷ್ಟೇ ಬರೆದಿದ್ದಳು.

"ಹಾಗಾದ್ರೆ ನಮ್ ಫೋನ್ ಬಗ್ಗೆ ಬರ್ದಿದ್ದೂ ಗ್ರಹಗತಿ ನೋಡೇನಾ ಮೇಡಂ?"

ಮತ್ತೆ ನಗು. ವಾರಗಟ್ಟಲೆ ಆ ಫೋನನ್ನು ಜೇಬಿನಲ್ಲಿಟ್ಟುಕೊಂಡು, ದಿಂಬಿನ ಪಕ್ಕ ಇಟ್ಟುಕೊಂಡು ಪರೀಕ್ಷಿಸಿದ್ದಳು ಪುಣ್ಯಾತ್ಗಿತ್ತಿ. ಇನ್ನು ಅವಳ ಮಾತನ್ನು ಯಾರು ನಂಬಬೇಕು?

ಅಕ್ಕ ಮೈಕನ್ನು ಹತ್ತಿರಕ್ಕೆಳೆದುಕೊಂಡಳು. "ದಿನಭವಿಷ್ಯ ಬರೀತಿದ್ದದ್ದು ನಿಜ. ಹೊಟ್ಟೆಪಾಡು. ನಿಮ್ ಫೋನ್ ಕಾಯೋದೂ ನಿಜ," ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳ ಭಾಷಣ ಮುಗಿಯುವ ಹೊತ್ತಿಗೆ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು.

ಟ್ಯಾಗಣ್ಣ ಮೊಬೈಲಿನಲ್ಲೇ ಆ ಸಾಲುಗಳನ್ನು ಅಳಿಸಿದ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೈತಪ್ಪಿ ಇಡೀ ತಾಣವನ್ನೇ ಕೆಡಿಸಿ ಮಲಗಿಸಿ, 'ಬಟ್ಟೆ ಅಂಗಡೀಲಿ ಬಿಲ್ ಹಾಕ್ತಿದ್ದವನಿಗೆ ಇದೆಲ್ಲ ಯಾಕೆ ಬೇಕಿತ್ತು' ಎಂದು ಮೆಟ್ಟಿಲ ಮೇಲೆ ಕೂತು ಅತ್ತಿದ್ದ. ಆಗ ಪಕ್ಕದಲ್ಲಿ ಕೂತು, ನಗಿಸಲೆಂದೇ ಅಕ್ಕ ತನ್ನ ದಿನಭವಿಷ್ಯದ ಕತೆ ಹೇಳಿದ್ದಳು.

ಹೊರಗೆ ಕಾರಿನ ಬಳಿ ಅವಳು ಒಬ್ಬಳೇ ನಿಂತಿದ್ದಳು. ತಪ್ಪೊಪ್ಪಿಕೊಳ್ಳಲೆಂದೇ ಹೋದವನು. ಬಾಯಿಂದ ಬಂದದ್ದೇ ಬೇರೆ.

"ಅಕ್ಕ, ಅದು... ಸರ್ವರ್ ಎಲ್ಲಿಂದಲೋ ಏನೋ ಎತ್ಕೊಂಡ್ಬಿಟ್ಟಿದೆ. ಸರಿ ಮಾಡ್ದೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದ.

"ಅದನ್ನ ನಮ್ಮನೆಯವರಿಗೂ ಹೇಳಿರ್ಲಿಲ್ಲ ಕಣೋ," ಎಂದಳು.

"ಅಕ್ಕ..." ಎಂದ.

"ಕಾರು ಹತ್ತು, ಹೊತ್ತಾಯ್ತು."

ಅವನು ಹಿಂದಿನ ಸೀಟಿನಲ್ಲಿ ಒಳಸರಿದು ಜಾಗ ಬಿಟ್ಟ. ಅಕ್ಕ ತನ್ನ ಚೀಲವನ್ನು ಆ ಜಾಗದಲ್ಲಿಟ್ಟು, ಬಾಗಿಲು ಮೆಲ್ಲಗೆ ಹಾಕಿ, ಮುಂದೆ ಹೋಗಿ ಡ್ರೈವರ್ ಪಕ್ಕ ಕೂತಳು.