ಎಂಟನೇ ಕೊಕ್ಕೆ

ಮೂರನೇ ಮಹಡಿಯ ವಾರ್ಡಿನ ಬಾಗಿಲ ಪಕ್ಕ ಒಂದು ಮರದ ಹಲಗೆ. ಅದರ ಮೇಲೆ ಹನ್ನೆರಡು ಕೊಕ್ಕೆ, ಒಂದೊಂದು ಕೊಕ್ಕೆಗೂ ಒಬ್ಬ ನರ್ಸಿನ ಹೆಸರು ಬರೆದ ತಗಡಿನ ಬಿಲ್ಲೆ. ಕೆಲಸಕ್ಕೆ ಬಂದವರು ಬಿಲ್ಲೆಯ ಬಿಳಿ ಮುಖ ಹೊರಗೆ ಮಾಡಬೇಕು, ಹೋಗುವಾಗ ಕೆಂಪು ಮುಖ. ಕೆಲಸ ಬಿಟ್ಟವರ ಬಿಲ್ಲೆ ಮೇಜಿನ ಡ್ರಾಯರಿಗೆ. ಕೊಕ್ಕೆ ಖಾಲಿಯಾಯಿತೋ, ಹದಿನೈದು ದಿನದೊಳಗೆ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಬಂದು ಕೊಕ್ಕೆಯನ್ನೇ ಬಿಚ್ಚಿಕೊಂಡು ಹೋಗುತ್ತಾನೆ. ಕೊಕ್ಕೆ ಹೋದರೆ ಆ ಹುದ್ದೆಯೂ ಹೋದಂತೆ. ಮೊದಲು ಹದಿನಾರು ಇದ್ದವು. ನಾಲ್ಕು ಕಡೆ ಈಗ ಬರೀ ತೂತುಗಳಿವೆ.

ಈ ಹಲಗೆಯ ಯಜಮಾನಿ ವಾರ್ಡಿನ ಹಿರಿಯ ಸಿಸ್ಟರ್. ಎಲ್ಲರ ಬಾಯಲ್ಲೂ ಅವಳು ದೊಡ್ಡಕ್ಕ. ಮೂಗಿನ ತುದಿಯಲ್ಲೇ ಸಿಟ್ಟು. ಡಾಕ್ಟರುಗಳು ಕೂಡ ಅವಳ ಮೇಜಿನ ಮುಂದೆ ಸ್ವಲ್ಪ ಮೆಲ್ಲಗೆ ನಡೆಯುತ್ತಿದ್ದರು. ಎಂಟನೇ ಕೊಕ್ಕೆಯ ಬಿಲ್ಲೆ ಮೂರು ವರ್ಷದಿಂದ ಕೆಂಪು ಮುಖ ತೋರಿಸಿಕೊಂಡೇ ನೇತಾಡುತ್ತಿತ್ತು. ಅದು ದೊಡ್ಡಕ್ಕನ ಒಡಹುಟ್ಟಿದ ತಂಗಿಯದು. ತೆಗೆಯಲು ಅವಳಿಗೆ ಕೈ ಬರಲಿಲ್ಲ. ತೆಗೆಯಿರಿ ಎಂದು ಹೇಳುವ ಎದೆಗಾರಿಕೆ ಉಳಿದವರಿಗೆ ಎಲ್ಲಿಂದ ಬರಬೇಕು?

ಆ ವರ್ಷವಿಡೀ ಆಸ್ಪತ್ರೆಯಲ್ಲಿ ಒಂದೇ ಜಗಳ. ನರ್ಸುಗಳೇ ಸಿಗುತ್ತಿಲ್ಲ, ಕಡಲಾಚೆಯಿಂದ ಕರೆಸಬೇಕು ಎಂದು ಆಡಳಿತದವರು. ಓದಿ ಪಾಸಾದವರು ಬೇಕಾದಷ್ಟು ಜನ ಮನೆಯಲ್ಲಿ ಕೂತಿದ್ದಾರೆ, ಮನುಷ್ಯರ ಹಾಗೆ ನಡೆಸಿಕೊಂಡರೆ ನಾಳೆಯೇ ಬರುತ್ತಾರೆ ಎಂದು ನರ್ಸುಗಳ ಸಂಘದವರು. ಸಂಘದ ಸಭೆಯಲ್ಲಿ ದೊಡ್ಡಕ್ಕ ಎದ್ದುನಿಂತು ಕಡ್ಡಿ ಮುರಿದಂತೆ ಹೇಳಿದ್ದಳು:

“ನಮ್ಮ ಮನೇಲೇ ಒಬ್ಬಳಿದ್ದಾಳೆ. ಒಬ್ಬಳ ತಲೆಗೆ ಮೂವತ್ನಾಲ್ಕು ಹಾಸಿಗೆ ಕಟ್ಟಬೇಡಿ, ಹತ್ತು ಕೊಡಿ. ನಾನೇ ಕೈ ಹಿಡಿದು ಕರ್ಕೊಂಡು ಬರ್ತೀನಿ.”

ಚಪ್ಪಾಳೆಯೋ ಚಪ್ಪಾಳೆ. ತಂಗಿಯನ್ನು ಮಾತ್ರ ಅವಳು ಒಂದು ಮಾತು ಕೇಳಿರಲಿಲ್ಲ.

ಜಗಳ ನಡೆಯುತ್ತಿರುವಾಗಲೇ ಕಡಲಾಚೆಯ ಒಬ್ಬಳು ಒಂದು ವರ್ಷದ ಪರವಾನಗಿ ಹಿಡಿದು ಈ ವಾರ್ಡಿಗೆ ಬಂದಳು. ದೊಡ್ಡಕ್ಕ ಮುಖ ಗಂಟಿಕ್ಕಿಕೊಂಡು “ಕೊಕ್ಕೆ ಖಾಲಿ ಇಲ್ಲ” ಎಂದಳು. ಬಂದವಳು ಹಲಗೆಯನ್ನು ನೋಡಿದಳು. ಆಮೇಲೆ ಟ್ರೇಯಿಂದ ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಬೆರಳುದ್ದ ಕತ್ತರಿಸಿ, ಅದರ ಮೇಲೆ ತನ್ನ ಹೆಸರು ಬರೆದು, ಹಲಗೆಯ ಅಂಚಿಗೆ ಅಂಟಿಸಿ ಕೈ ತೊಳೆಯಲು ಹೋದಳು.

ಆ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ರೋಗಿಗಳು ಅವಳನ್ನು ‘ಮೆತ್ತಗೈ’ ಎಂದು ಕರೆದರು, ಅದೇ ಉಳಿಯಿತು. ಭಾಷೆಯನ್ನು ಅವಳು ಕಲಿತದ್ದು ಹಾಸಿಗೆ ಹಿಡಿದ ಮುದುಕ ಮುದುಕಿಯರಿಂದ. ಹಾಗಾಗಿ ಇಪ್ಪತ್ತೊಂಬತ್ತರ ಹೆಣ್ಣು ಎಂಬತ್ತರ ಅಜ್ಜಿಯ ಹಾಗೆ ಮಾತಾಡುತ್ತಿದ್ದಳು. ಕುರ್ಚಿಯಲ್ಲಿ ಕೂರುವಾಗ “ಅಯ್ಯೋ ನನ್ನ ಸೊಂಟವೇ”. ತಡವಾಗಿ ಬಂದ ದೊಡ್ಡ ಡಾಕ್ಟರಿಗೆ “ಬಾರಪ್ಪ ಮಗನೇ, ಈಗ ನೆನಪಾಯ್ತಾ?”. ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಂದು ಮಧ್ಯಾಹ್ನ ದೊಡ್ಡಕ್ಕನಿಗೇ “ಹೊತ್ತಿಗೆ ಸರಿಯಾಗಿ ಊಟ ಮಾಡೋದು ಬೇಡ್ವಾ ಮಗಳೇ?” ಎಂದಳು.

“ನಾನು ನಿನಗಿಂತ ಇಪ್ಪತ್ತೈದು ವರ್ಷ ದೊಡ್ಡೋಳು ಕಣೇ. ಅಕ್ಕ ಅನ್ನು.”

ಅಂದಿನಿಂದ ಅಕ್ಕ. ಆದರೆ ಊಟ ಮಾಡಿದೆಯಾ ಎಂದು ಆ ಕಟ್ಟಡದಲ್ಲಿ ದೊಡ್ಡಕ್ಕನನ್ನು ಕೇಳಿದವಳು ಇವಳೊಬ್ಬಳೇ. ಬೇಡ ಬೇಡವೆಂದರೂ ದೊಡ್ಡಕ್ಕನಿಗೆ ಅವಳನ್ನು ಹಚ್ಚಿಕೊಳ್ಳದೆ ಇರಲಾಗಲಿಲ್ಲ.

ಮೆತ್ತಗೈಗೆ ಊರಲ್ಲಿ ಆರು ವರ್ಷದ ಮಗಳು. ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು. ಪರವಾನಗಿ ಮುಂದುವರಿದರೆ ಮಗಳನ್ನು ಕರೆಸಿಕೊಳ್ಳಬಹುದು, ಅದೇ ನಿಯಮ. ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಅಜ್ಜಿ ಕಳಿಸಿದ್ದಳು. ಆ ಅಳತೆಗಿಂತ ಅರ್ಧ ಬೆರಳು ದೊಡ್ಡದಾದ ಕೆಂಪು ಚಪ್ಪಲಿ ತಂದು ಮೆತ್ತಗೈ ಬೀರುವಿನಲ್ಲಿ ಇಟ್ಟಿದ್ದಳು.

“ಬರೋ ಹೊತ್ತಿಗೆ ಸರಿಹೋಗುತ್ತೆ, ಅಕ್ಕ.”

ಆ ಹೊತ್ತಿಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ನರ್ಸುಗಳ ಕೊರತೆ ನಿಜವೋ ಸುಳ್ಳೋ ಎಂದು ವಾರ್ಡು ವಾರ್ಡಿಗೆ ಹೋಗಿ ಎಣಿಸುವುದು ಅವನ ಕೆಲಸ. ಹಲಗೆಯ ಮುಂದೆ ನಿಂತು ಪೆನ್ನಿನ ತುದಿಯಿಂದ ಒಂದೊಂದೇ ಬಿಲ್ಲೆಯನ್ನು ಮುಟ್ಟಿದ. ಎಂಟನೆಯದನ್ನು ಮುಟ್ಟಿದಾಗ ಪೆನ್ನಿಗೆ ಧೂಳು ಹತ್ತಿತು.

“ಇವರು?”

ನಿಜ ಹೇಳಿದರೆ ಕೊಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಭೆಯಲ್ಲಿ ಆಡಿದ ಮಾತು ಹೋಗುತ್ತದೆ. ದೊಡ್ಡಕ್ಕನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಅನಿಸಲೂ ಇಲ್ಲ.

“ರಜೆಯಲ್ಲಿದ್ದಾಳೆ. ಬರ್ತಾಳೆ.”

ಹನ್ನೆರಡು ಕೊಕ್ಕೆ, ಹನ್ನೆರಡು ನರ್ಸು ಎಂದು ಅವನು ಬರೆದುಕೊಂಡ. ಪ್ಲಾಸ್ಟರ್ ಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ದೊಡ್ಡಕ್ಕ ಕೆಳಗೆ ಸಹಿ ಹಾಕಿದಳು.

ಎರಡು ತಿಂಗಳಿಗೆ ಪತ್ರ ಬಂತು. ಕೊರತೆ ಇಲ್ಲದ ವಾರ್ಡುಗಳಲ್ಲಿ ಹೊರದೇಶದ ನರ್ಸುಗಳ ಪರವಾನಗಿ ಮುಂದುವರಿಯುವುದಿಲ್ಲ. ತಿಂಗಳ ಕೊನೆಗೆ ಮೆತ್ತಗೈ ಹೊರಡಬೇಕು. ಪತ್ರ ಓದುತ್ತಿದ್ದಂತೆ ದೊಡ್ಡಕ್ಕ ಅಧಿಕಾರಿಯ ಕಚೇರಿಗೆ ಓಡಿದಳು, ಬಿಲ್ಲೆಯ ಕಥೆಯನ್ನೆಲ್ಲ ಬಾಯಿಬಿಟ್ಟಳು. ಅವನು ಕಡತ ತೆರೆದು ಅವಳದೇ ಸಹಿ ತೋರಿಸಿದ.

“ವರದಿ ಹೋಗಿ ಆಯ್ತಮ್ಮ. ರಜೆಯಲ್ಲಿರೋರು ಬರ್ತಾರೆ ಅಂದ್ರಲ್ಲ, ಕರೆಸ್ಕೊಳ್ಳಿ.”

ಅಲ್ಲಿಂದ ನೇರವಾಗಿ ತಂಗಿಯ ಹತ್ತಿರ ಹೋದಳು. ತಂಗಿ ಈಗ ಒಂದು ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಅಕ್ಕ ಹೇಳಿದ್ದನ್ನೆಲ್ಲ ಸೂಜಿ ನಿಲ್ಲಿಸದೆ ಕೇಳಿಸಿಕೊಂಡಳು.

“ಹತ್ತೇ ಹಾಸಿಗೆ ಕೊಡ್ತಾರೆ ಅಂದ್ರೆ ಬರ್ತೀಯಾ?”

“ಒಂದು ಕೊಟ್ರೂ ಬರಲ್ಲಕ್ಕ.” ಹಲ್ಲಿನಿಂದ ದಾರ ಕಡಿದಳು. “ಆವತ್ತು ಮೂರು ಹಾಸಿಗೆಯಿಂದ ಒಟ್ಟಿಗೇ ಗಂಟೆ ಹೊಡೀತಿತ್ತು. ನಾನು ಹತ್ತಿರದ ಹಾಸಿಗೆಗೆ ಹೋದೆ. ಕಿಟಕಿ ಪಕ್ಕದವರು ಹೋಗ್ಬಿಟ್ರು. ಇಲ್ಲಿ ಗುಂಡಿ ಕಿತ್ತುಹೋದ್ರೆ ಯಾರೂ ಸಾಯಲ್ಲ.”

“ಅದು ನಿನ್ನ ತಪ್ಪಲ್ಲ ಅಂತ ಎಲ್ರಿಗೂ ಗೊತ್ತು ಕಣೇ.”

“ನನಗೂ ಗೊತ್ತು. ಆದ್ರೂ ಬರಲ್ಲ. ನಾನು ರಜೆ ಹಾಕಿಲ್ಲ ಅಕ್ಕ, ಬಿಟ್ಟು ಬಂದೆ. ನೀನೊಬ್ಬಳೇ ಅದನ್ನ ಒಪ್ಪಿಲ್ಲ.”

ದೊಡ್ಡಕ್ಕ ಮೂರು ವರ್ಷ ಆ ಬಿಲ್ಲೆ ಕಾಯುತ್ತಿದೆ ಎಂದುಕೊಂಡಿದ್ದಳು, ಕಾಯುತ್ತಿದ್ದದ್ದು ತಾನೊಬ್ಬಳೇ.

ಕೊನೆಯ ದಿನ ಮೆತ್ತಗೈ ಎಲ್ಲ ಹಾಸಿಗೆಗಳಿಗೂ ಹೋಗಿ ಹೇಳಿ ಬಂದಳು. ಮುದುಕಿಯರು ಕೈ ಬಿಡಲಿಲ್ಲ. ಬೀರು ಖಾಲಿ ಮಾಡಿ, ಕೆಂಪು ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿಕೊಂಡು, ಹಲಗೆಯ ಅಂಚಿನ ಪಟ್ಟಿ ಕೀಳಲು ಉಗುರು ಹಾಕಿದಳು. ದೊಡ್ಡಕ್ಕ ಅವಳ ಕೈ ಹಿಡಿದಳು.

“ಅದಿರಲಿ. ಒಂದು ವಿಷಯ ಹೇಳ್ಬೇಕು. ಹನ್ನೆರಡು ಜನ ಇದ್ದಾರೆ ಅಂತ ಸಹಿ ಹಾಕಿದ್ದು ನಾನು. ನನ್ನ ತಂಗಿ ಬರ್ತಾಳೆ ಅಂದ್ಕೊಂಡಿದ್ದೆ.”

ಮೆತ್ತಗೈ ಎಂಟನೇ ಬಿಲ್ಲೆಯನ್ನು ನೋಡಿದಳು. ಬೈದಿದ್ದರೆ ದೊಡ್ಡಕ್ಕನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ, ಬೈಗುಳವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಆ ಮುದುಕಿಯರದೇ ದನಿಯಲ್ಲಿ ಹೇಳಿದಳು:

“ಹೋಗಿ ಬರ್ತೀನಿ ಮಗಳೇ. ಹೊತ್ತಿಗೆ ಸರಿಯಾಗಿ ಊಟ ಮಾಡು.”

ಈ ಸಲ ದೊಡ್ಡಕ್ಕ ತಿದ್ದಲಿಲ್ಲ. ಮೆತ್ತಗೈ ಮೆಟ್ಟಿಲು ಇಳಿದು ಹೋದಮೇಲೆ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ತಂಗಿಯ ಬಿಲ್ಲೆಯನ್ನು ತೆಗೆದು, ಧೂಳು ಒರೆಸಿ, ಡ್ರಾಯರಿಗೆ ಹಾಕಿದಳು. ಅಂಚಿನ ಪಟ್ಟಿಯನ್ನು ಹರಿಯದ ಹಾಗೆ ಮೆಲ್ಲಗೆ ಎಬ್ಬಿಸಿ ಎಂಟನೇ ಕೊಕ್ಕೆಗೆ ಸುತ್ತಿದಳು. ಅಂಟು ಒಣಗಿತ್ತು, ಹೊಸ ಪ್ಲಾಸ್ಟರಿನ ತುಂಡು ಮೇಲೆ ಹಾಕಬೇಕಾಯಿತು.

ಹದಿನೈದು ದಿನ ತುಂಬುವ ಮೊದಲೇ ರಿಪೇರಿಯವನು ಬಂದ. ವಾರ್ಡಿನಲ್ಲಿ ಎರಡು ಕಡೆ ಗಂಟೆ ಹೊಡೆಯುತ್ತಿತ್ತು, ದೊಡ್ಡಕ್ಕ ಕಿಟಕಿ ಪಕ್ಕದ ಹಾಸಿಗೆಯ ಕಡೆ ಹೊರಟಿದ್ದಳು. ಅವನು ಪಟ್ಟಿಯ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಲು ನೋಡಿ ಸೋತ.

“ಇದ್ಯಾರದ್ದು ದೊಡ್ಡಕ್ಕ? ಬಿಚ್ಚಲಾ?”

“ಮುಟ್ಟಬೇಡ. ರಜೆಯಲ್ಲಿದ್ದಾಳೆ,” ಎಂದಳು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿದಳು. “ಬರ್ತಾಳೆ.”

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದು ಹೋದ.