ಹೆಬ್ಬೆರಳಿನ ಹೊಲಿಗೆ

ಗೋಡೆಯ ಪರದೆಯ ಮೇಲೊಂದು ನೊಣ, ಸರಿಯಾಗಿ ಆ ಬಂಡೆಯ ಪಕ್ಕದಲ್ಲೇ ಕೂತಿದೆ, ಓಡಿಸುವವರಿಲ್ಲ, ಗಗನಯಾತ್ರಿಗಳ ಉಡುಪಿನ ಹೊಲಿಗೆ ಕೋಣೆಯ ಹನ್ನೊಂದು ಜನರೂ ಮಿಷನ್ ನಿಲ್ಲಿಸಿ ನೋಡುತ್ತಿದ್ದಾರೆ, ಭೂಮಿಗೆ ಅಪ್ಪಳಿಸಲು ಬರುತ್ತಿರುವ ಬಂಡೆ, ಅದರ ಮೇಲೆ ಇರುವೆಯಷ್ಟು ಚಿಕ್ಕದಾಗಿ, ಬೆಳ್ಳಗೆ ಒಬ್ಬ ಮನುಷ್ಯ, ಕೊನೆಯ ಮಿಷನ್ನಿನ ಮುಂದೆ ಕೂತವಳ ತಮ್ಮ, ಕಡ್ಡಿಯಂತಾದರೂ ಅವಳಿಗೆ ಇನ್ನೂ ಡುಮ್ಮ — ಸ್ಫೋಟಕದ ಮೂರು ಬೀಗ ಕೈಯಾರೆ ತಿರುಗಿಸಬೇಕಂತೆ, ಬಂಡೆ ದಾರಿ ತಪ್ಪುತ್ತದಂತೆ, ಲೋಕ ಉಳಿಯುತ್ತದಂತೆ, ವಾಪಸ್ ಬರುವುದಕ್ಕೆ ಮಾತ್ರ ಇಂಧನ ಇಲ್ಲವಂತೆ. ಅದನ್ನು ಹೇಳಿದ್ದಾದರೂ ಹೇಗೆ, ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿ, ಅಕ್ಕಾ ಹೆಸರು ಕೊಟ್ಟಾಯ್ತು, ಕೈಗವಸು ನಿಮ್ಮ ಕೋಣೇಲೇ ಅಲ್ವಾ, ನೀನೇ ಹೊಲಿ — ಹೆಬ್ಬೆರಳು ಚೀಪುವ ಕೂಸನ್ನು ಸೊಂಟದ ಮೇಲಿಟ್ಟು ಬೆಳೆಸಿದವಳನ್ನು ಒಂದು ಮಾತು ಕೇಳಬೇಕು ಅಂತ ಅವನಿಗೆ ಅನ್ನಿಸಲಿಲ್ಲ, ಹೊಲಿದಳು, ಹೊಲಿಯದೆ ಏನು, ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಎಳೆ ಬಿಗಿ ಹಿಡಿದಳು, ಬೇಕಂತಲೇ, ಗಾಳಿ ತುಂಬಿದರೆ ಬೆರಳು ಮಡಚಬಾರದು, ಪರೀಕ್ಷೆಯಲ್ಲಿ ಬಿದ್ದುಹೋಗಲಿ, ಬೇರೆ ಯಾರದೋ ತಮ್ಮ ಹೋಗಲಿ.

ಮೇಜಿನ ಮೇಲೆ ಅವನ ಕೈಯ ಪ್ಲಾಸ್ಟರ್ ಅಚ್ಚು, ಹೊಲಿಗೆ ಮುಗಿಯುವ ತನಕ ಅಂಗೈ ಮೇಲಾಗಿ, ತೊಡುವವನು ಒಪ್ಪಿದ ಮೇಲೆ ಬೋರಲು, ಬೋರಲಾದದ್ದನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ, ಇದು ಈ ಕೋಣೆಯ ಪದ್ಧತಿ — ಪರೀಕ್ಷೆಯ ದಿನ ಕೈಗವಸಿಗೆ ಗಾಳಿ ತುಂಬಿ ಮೇಸ್ತ್ರಿ ಒಂದು ಬೀಗ ಕೊಟ್ಟರು, ಹೆಬ್ಬೆರಳು ಮಡಚಲಿಲ್ಲ, ನಾಲ್ಕು ಬೆರಳಲ್ಲೇ ಹೇಗೋ ಅಂಗೈಗೆ ಒತ್ತಿ ಹಿಡಿದು ತಿರುಗಿಸಿದ, ಹಣೆಯ ತುಂಬ ಬೆವರು, ಅವಳನ್ನೇ ನೋಡುತ್ತಿದ್ದ, ಎಲ್ಲ ಗೊತ್ತಾದ ಕಣ್ಣು, ಹೇಳಿ ಮಾಡಿಸಿದ ಹಾಗಿದೆ ಮೇಸ್ತ್ರಿ, ನಮ್ಮಕ್ಕನ ಕೈ ಅಲ್ವಾ. ಆಗ ಬಾಯಿ ಬಿಟ್ಟಿದ್ದರೆ ಬಿಚ್ಚಿ ಹೊಲಿಯಲು ಒಂದು ಗಂಟೆ ಸಾಕಿತ್ತು, ಬಿಚ್ಚಿ ಹೊಲಿದರೆ ಹೋಗಿಬಿಡುತ್ತಾನೆ ಅಂತ ಸುಮ್ಮನಿದ್ದಳು, ಹೇಗೂ ಹೋದ, ಅಚ್ಚನ್ನು ಬೋರಲು ಹಾಕಿದ್ದೂ ಅವಳೇ, ಮೂತಿ ಬಿಗಿದುಕೊಂಡು, ಪ್ರೀತಿಯಂತೆ, ಸುಡಲಿ ಆ ಪ್ರೀತಿ. ಪರದೆಯ ಮೇಲೆ ಒಂದನೇ ಬೀಗ ತಿರುಗಿತು, ಎರಡನೆಯದೂ, ಮೂರನೆಯದಕ್ಕೆ ಕೈ ಜಾರುತ್ತದೆ, ಮತ್ತೆ ಹಿಡಿಯುತ್ತಾನೆ, ಮತ್ತೆ ಜಾರುತ್ತದೆ, ಸೋತ ಕೈ ಕ್ಯಾಮೆರಾದ ಮುಂದೆ ತೇಲಿ ಬರುತ್ತದೆ, ನಾಲ್ಕು ಬೆರಳು ಮಡಚಿವೆ, ಹೆಬ್ಬೆರಳೊಂದೇ ನೆಟ್ಟಗೆ — ಗೆದ್ದ ನೋಡ್ರೀ, ಗೆದ್ದ, ಕೋಣೆಯೆಲ್ಲ ಚಪ್ಪಾಳೆ, ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತ ನಿಮ್ಮ ತಮ್ಮ ಕಣಮ್ಮಾ, ಎಲ್ಲ ಸರಿಯಾಯ್ತು ಅಂತ ಬೆರಳು ತೋರಿಸ್ತಿದ್ದಾನೆ, ತಿರುಗದ ಮೂರನೇ ಬೀಗದ ಕಡೆ ಯಾರೂ ನೋಡುವುದಿಲ್ಲ, ಯಾವಾಗಲೋ ಅವಳು ಅಚ್ಚನ್ನು ಮಗುಚಿ ಮತ್ತೆ ಅಂಗೈ ಮೇಲಾಗಿ ಇಟ್ಟಿದ್ದಾಳೆ, ಪ್ಲಾಸ್ಟರಿನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಿದ್ದಾಳೆ, ಮಡಚು ಡುಮ್ಮಾ, ಒಂದ್ಸಲ ಮಡಚು, ಪರದೆಯ ತುಂಬ ಹೆಬ್ಬೆರಳು, ನೆಟ್ಟಗೆ, ಹೆಬ್ಬೆರಳು ನೆಟ್ಟಗೆ