ಮಗನ ಹೆಸರಿನ ಕುರಿಗಳು

ಗುರುಬಾಯಿಗೆ ಸಿಟ್ಟು ನೆತ್ತಿಗೇರಿತ್ತು. ಏರದೆ ಏನು ಮಾಡೀತು? ಮಗ ಮಲಕಾಜಪ್ಪ ಅಕ್ಕಲಕೋಟದಲ್ಲಿ ಓದಿ ಮ್ಯಾಟ್ರಿಕ್ ಪಾಸಾಗಿ ತಿಂಗಳಾಗುತ್ತ ಬಂತು. ವಾಗದರಿಯ ಕುರಿಗಾರರ ಓಣಿಯಲ್ಲಿ ಅವನೇ ಮೊದಲಿಗ. ಸೋಲಾಪುರದ ಕಾಲೇಜಿಗೆ ಹೆಸರು ಹಚ್ಚಲು ಬರುವ ಶನಿವಾರವೇ ಕಡೆಯ ದಿನ. ಅವನ ಅಪ್ಪ ಖಂಡಪ್ಪನೋ, ಕಾಲೇಜಿನ ಮಾತು ಎತ್ತಿದರೆ ಸಾಕು, ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಹಟ್ಟಿಗೆ ನಡೆದುಬಿಡುತ್ತಿದ್ದ. ಎಂಟು ದಿನದಿಂದ ಇದೇ ಆಟ.

ಬುಧವಾರ ಮುಂಜಾನೆ ಊರ ಸಾಲಿಯ ಬಸಯ್ಯ ಮಾಸ್ತರರು ಮೂರನೆಯ ಸಲ ಮನೆಗೆ ಬಂದರು. ಗುರುಬಾಯಿ ಗಂಡನ ಕಂಬಳಿಯನ್ನು ಎಳೆದು ಮಡಚಿ, ಅದರ ಮೇಲೆಯೇ ಕೂತುಬಿಟ್ಟಳು.

"ಈಗ ಹೋಗ್ರಿ ನೋಡೂಣು!"

"ಖಂಡಪ್ಪಾ, ಏನು ಠರಾಯಿಸಿದಿ? ಹುಡುಗನ್ನ ಕಳಸ್ತಿಯೋ ಇಲ್ಲೋ?" ಮಾಸ್ತರರು ಕೇಳಿದರು.

"ಏನ್ ಠರಾಯಿಸೂದ್ರಿ ಮಾಸ್ತರ್ರ? ಮ್ಯಾಟ್ರಿಕ್ ತನಕಾ ಕಲಿಸೀನಿ. ದೊಡ್ಡಂವ ಆಗ್ಯಾನ. ಮುಂದ ಕಲಿಯೂದಿದ್ರ ತಾ ದುಡದು ಕಲೀಲಿ. ಸೋಲಾಪುರದಾಗ ಗಿರಣಿ ಅದಾವಲ್ಲ."

"ಹಗಲೆಲ್ಲ ಗಿರಣ್ಯಾಗ ನಿಂತಂವ ಕಾಲೇಜಿಗೆ ಯಾವಾಗ ಹೋಗ್ತಾನಪ್ಪ?"

ಗುರುಬಾಯಿಗೆ ತಡೆಯಲಾಗಲಿಲ್ಲ. "ಹಂಗಾದ್ರ ಲಗ್ನಾನೂ ತಾನ ದುಡದು ಮಾಡ್ಕೊಳ್ಳಿ ಅಂತೀರೇನು?"

"ಹುಚ್ಚಿ ಇದ್ದೀ ಏನು? ಲಗ್ನ ನಾವು ಮಾಡಬೇಕು. ಅದಕ್ಕಂತನ ಹನ್ನೊಂದು ಕುರಿ ಇಟ್ಟೀನಿ. ಊರಿಗೆಲ್ಲ ಊಟ ಹಾಕಸ್ತೀನಿ."

ಆ ಮನೆಯಲ್ಲಿ ಒಂದು ವಾಡಿಕೆಯಿತ್ತು. ಗಂಡು ಹುಟ್ಟಿದರೆ ಅವನ ಹೆಸರಿನಲ್ಲಿ ಒಂದು ಹೆಣ್ಣು ಮರಿ ಬಿಡುವುದು, ಗುರುತಿಗೆಂದು ಅದರ ಕಿವಿ ಕೊಯ್ದು ಬೇರೆಯೇ ಕಚ್ಚು ಹಾಕುವುದು. ಅದು ಈದ ಮರಿಗಳಿಗೂ ಅದೇ ಕಚ್ಚು. ಮಲಕಾಜಪ್ಪನ ಕಚ್ಚಿನವು ಈಗ ಹನ್ನೊಂದಾಗಿದ್ದವು.

"ಕೇಳಿದ್ರೇನು ಮಾಸ್ತರ್ರ? ಊರು ಒಂದು ದಿನ ಉಂಡು ಕೈ ತೊಳಕೊಂಡು ಹೋಗಾಕ ಹನ್ನೊಂದು ಕುರಿ! ಮಗ ಜಲ್ಮಪೂರ್ತಿ ಉಣ್ಣೂ ವಿದ್ಯಾಕ್ಕ ಒಂದೂ ಇಲ್ಲ!"

ಖಂಡಪ್ಪನ ಹೊಟ್ಟೆಯೊಳಗಿನ ಮಾತು ಈಗ ಹೊರಬಂತು. "ಕಾಲೇಜ ಕಲ್ತಂವ ನಮ್ಮ ಹಟ್ಟಿಗೆ ಬರ್ತಾನೇನ್ರಿ? ಅಪ್ಪನ ಮೈ ಕುರಿ ವಾಸನಿ ಹೊಡೀತದ ಅಂತ ಮೂಗು ಮುಚ್ಕೋತಾನ."

ಮಾಸ್ತರರ ದನಿ ಮೆತ್ತಗಾಯಿತು. "ಸ್ವರಾಜ್ಯ ಬಂದು ಎಂಟು ವರ್ಷ ಆತು. ಇವತ್ತಿಗೂ ಒಂದು ಕಚೇರಿ ಕೆಲಸ ಆಗಬೇಕಂದ್ರ ನಿಮ್ಮ ಓಣಿಯವರು ಅಕ್ಕಲಕೋಟದಾಗ ಮಂದಿ ಕಾಲ ಹಿಡಿತೀರಿ. ಕುರಿಗೆ ಬ್ಯಾನಿ ಬಂದ್ರ ಏನು ಔಷಧ ಅಂತ ಕಲಿತು ಹೇಳಾವರಿಲ್ಲ. ನಿಮ್ಮಂವ ಒಬ್ಬ ಕಲೀಲಿ. ಫೀ ಮಾಫಿ ಸಿಗತದೇನು ಅಂತ ನಾನ ಬಂದು ಕೇಳ್ತೀನಿ. ಮೊದಲ ಹೆಸರು ಹಚ್ಚಬೇಕಲ್ಲ?"

ಖಂಡಪ್ಪ ಮತ್ತೆ ಅತ್ತಿತ್ತ ನೋಡತೊಡಗಿದ. ಕಂಬಳಿ ಹುಡುಕುತ್ತಿದ್ದಾನೆಂದು ಗುರುಬಾಯಿಗೆ ಗೊತ್ತಾಯಿತು. ಅವಳ ಮೈಯೆಲ್ಲ ಉರಿಯಿತು.

"ಹೋದ ವರ್ಷ ನಿಮ್ಮ ತಮ್ಮ ಆ ಕರೀ ಟಗರು ಕೇಳಾಕ ಬಂದಿದ್ದ. ಅವಗ ಏನಂದ್ರಿ?"

ಖಂಡಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ.

"ಹೇಳ್ರಿ! ಬಾಯಾಗ ಏನ್ ಇಟ್ಕೊಂಡೀರಿ?"

"ಅದು ನಂದಲ್ಲ, ಮಲಕಾಜಂದು. ಅವನ್ನ ಕೇಳದ ಕೊಡಂಗಿಲ್ಲ ಅಂದೆ."

"ಹಂಗಾದ್ರ ಈಗ ಅವನ್ನ ಕೇಳ್ರಲ್ಲ ಮತ್ತ!"

ಮಲಕಾಜಪ್ಪ ಬಾಗಿಲಲ್ಲೇ ನಿಂತಿದ್ದ. "ಏಳು ಕುರಿ ಮಾರೂಣು, ಅಪ್ಪಾ. ಅವುಗಳ ತಾಯಿ, ಆ ಮುದಿ ಕುರಿ ಮಾತ್ರ ಮಾರಬ್ಯಾಡ. ಉಳದದ್ದನ್ನ ಕಾಲೇಜ ಸೂಟಿ ಬಿಟ್ಟು ಊರಿಗೆ ಬಂದಾಗ ನಾನ ಕಾಯ್ತೀನಿ. ಲಗ್ನಕ್ಕ ಹುಗ್ಗಿ ಆದ್ರ ಸಾಕು ನನಗ."

"ಊರು ನಗ್ತದಲ್ಲೋ..."

"ನಗಲಿ!" ಎಂದಳು ಗುರುಬಾಯಿ.

ಖಂಡಪ್ಪ ದೊಡ್ಡ ಉಸಿರು ಬಿಟ್ಟ. "ಕುರಿ ಅವನವು. ಅಂವ ಹೇಳ್ಯಾನ. ಮುಗೀತು." ಹೆಂಡತಿಯ ಕಡೆ ಕೈ ಚಾಚಿದ. "ಏಳು, ಕಂಬಳಿ ಕೊಡು."

ಅವನು ಅದನ್ನು ಝಾಡಿಸಿ ಮಗನ ಹೆಗಲಿಗೆ ಹಾಕಿದ. "ಸೋಲಾಪುರದಾಗ ಹೊಚ್ಕೋ. ವಾಸನಿ ಬಂದ್ರ ಬರಲಿ."

ಏಳು ಕುರಿ ಮಾರಿದ ಹಣದಿಂದ ಶನಿವಾರ ಕಾಲೇಜಿನಲ್ಲಿ ಹೆಸರು ಹಚ್ಚಿದ್ದಾಯಿತು. ರವಿವಾರ ಖಂಡಪ್ಪ ಆರು ವರ್ಷದ ಮಗಳು ಸುಗಲಾಳನ್ನು ಹಟ್ಟಿಗೆ ಕರೆದೊಯ್ದು, ಒಂದು ಹೆಣ್ಣು ಮರಿಯ ಕಿವಿಗೆ ಹೊಸ ಕಚ್ಚು ಹಾಕಿದ.

"ಹುಡುಗೇರಿಗೂ ಹಾಕ್ತಾರೇನಪ್ಪಾ?"

"ಇನ್ ಮ್ಯಾಲೆ ಹಾಕ್ತಾರ."

"ನನ್ನ ಲಗ್ನಕ್ಕೇನು?"

"ನಿನ್ನ ಸಾಲಿಗೆ."

"ಈ ಬುದ್ಧಿ ಎಂಟು ದಿನದ ಹಿಂದ ಎಲ್ಲಿ ಹೋಗಿತ್ತೋ!" ಎಂದು ಗೊಣಗುತ್ತ, ಅವರ ಹಿಂದೆಯೇ ಬಂದಿದ್ದ ಗುರುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಣ್ಣಗಳಿರಾ, ಅಕ್ಕಗಳಿರಾ, ಮಕ್ಕಳ ಮದುವೆಗೆಂದು ನೀವೂ ಏನಾದರೊಂದು ತೆಗೆದಿಟ್ಟೇ ಇರುತ್ತೀರಿ. ಕುರಿಯೋ, ಜೋಳದ ಚೀಲವೋ, ಗುಂಜಿ ಬಂಗಾರವೋ. ಅದು ಯಾರ ಹೆಸರಿನದು? ಆ ಮಗನನ್ನು, ಆ ಮಗಳನ್ನು ಇವತ್ತೇ ಕರೆದು ಕೇಳಿರಿ. ಊರಿನ ಊಟ ಇನ್ನೆರಡು ವರ್ಷ ತಡೆದೀತು. ಕಾಲೇಜಿನ ಹೆಸರು ಹಚ್ಚುವುದು ಶನಿವಾರಕ್ಕೆ ಮುಗಿದುಹೋಗುತ್ತದೆ.